ನಾನು ಎತ್ತಿದ ತಾಂಬೂಲದ ತಟ್ಟೆ

ಆರ್.ಎಸ್. ಪುರಂನ ನಮ್ಮ ಸೀರೆ ಅಂಗಡಿಯಲ್ಲಿ, ನಾನು ಕೂರುವ ಜಾಗದ ಹಿಂದಿನ ಗೋಡೆಗೆ ಒಂದು ಫೋಟೋ ತೂಗುಹಾಕಿದೆ. ನಮ್ಮೂರಿನ ದೊಡ್ಡ ತೋಟದ ಗೌಡರು ನನಗೆ ಶಾಲು ಹೊದಿಸುತ್ತಿದ್ದಾರೆ, ನಾನು ಹಲ್ಲು ಕಿಸಿದು ನಿಂತಿದ್ದೇನೆ. ತೂಗುಹಾಕಿದವಳು ನನ್ನ ಹೆಂಡತಿ. ಗಿರಾಕಿಗಳು ಏನು ವಿಶೇಷ ಎಂದು ಕೇಳಿದರೆ ಅವಳೇ ಹೇಳುತ್ತಾಳೆ: ಊರಿನಲ್ಲಿ ಎಲೆಕ್ಷನ್ ಜಗಳ ಆಗದ ಹಾಗೆ ಇವರು ತಡೆದರು, ಅದಕ್ಕೆ ಊರು ಮಾಡಿದ ಮರ್ಯಾದೆ ಇದು. ಅವಳು ಹಾಗೆ ಹೇಳುವಾಗ ನಾನು ಆ ಕಡೆ ತಿರುಗಿ ಮಡಿಸಿದ ಸೀರೆಯನ್ನೇ ಮತ್ತೆ ಮಡಿಸುತ್ತೇನೆ. ಕೊಯಮತ್ತೂರಿನಲ್ಲಿ ನನ್ನಷ್ಟು ಸೀರೆ ಮಡಿಸಿದ ಅಂಗಡಿ ಮುದಲಾಳಿ ಇನ್ನೊಬ್ಬನಿರಲಾರ.

ನಾನು ತಡೆದ ಜಗಳ ಯಾವುದು ಗೊತ್ತೆ? ನನ್ನ ಸ್ವಂತ ಅಕ್ಕ ಪಂಚಾಯತಿ ಪ್ರೆಸಿಡೆಂಟ್ ಆಗುವುದು. ಅದನ್ನು ತಡೆದದ್ದಕ್ಕೆ ನನಗೆ ಶಾಲು.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದರಲ್ಲೂ ನನ್ನ ಹೇಡಿತನ ಇದೆ. ನಾವು ಮನೆಯಲ್ಲಿ ಆಡುವುದು ಕನ್ನಡ, ಓದಿದ್ದು, ಲೆಕ್ಕ ಮಾಡಿದ್ದು, ಬೀದಿಯಲ್ಲಿ ಬೈದದ್ದು ಎಲ್ಲ ತಮಿಳು. ನಾನು ಕನ್ನಡದ ಅಕ್ಷರ ಕಲಿತದ್ದು ದೊಡ್ಡವನಾದ ಮೇಲೆ, ಬೆಂಗಳೂರಿನ ವ್ಯಾಪಾರಿಗಳ ಜೊತೆ ವ್ಯವಹಾರ ಬೆಳೆದಾಗ. ಅಕ್ಕನಿಗೆ ಈ ಅಕ್ಷರ ಬರುವುದಿಲ್ಲ. ಯಾರಾದರೂ ಓದಿ ಹೇಳಿದರೆ ಒಂದೊಂದು ಮಾತೂ ಅವಳಿಗೆ ತಿಳಿಯುತ್ತದೆ, ಆದರೆ ನಮ್ಮ ಬೀದಿಯಲ್ಲಿ ಓದಿ ಹೇಳುವವರೂ ಇಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಮ್ಮೂರು ಕೊಯಮತ್ತೂರು ಜಿಲ್ಲೆಯ ನೆಗಮಂ ಪಕ್ಕದ್ದು. ಒಂದು ಕಡೆ ತೆಂಗಿನ ತೋಟದ ಒಕ್ಕಲಿಗರು, ಇನ್ನೊಂದು ಕಡೆ ನೇಕಾರರಾದ ನಾವು. ಅವರ ಮನೆಮಾತೂ ಕನ್ನಡವೇ, ನಮ್ಮದೂ ಕನ್ನಡವೇ. ಅವರು ನಮ್ಮ ಮಾತನ್ನು ಅಣಕಿಸುತ್ತಾರೆ, ನಾವು ಅವರದನ್ನು. ಎದುರೆದುರು ಸಿಕ್ಕರೆ ಎರಡು ಕಡೆಯವರೂ ತಮಿಳಿಗೆ ಹೊರಳಿಕೊಳ್ಳುತ್ತೇವೆ. ತಲೆಮಾರುಗಳಿಂದ ಹೀಗೇ ನಡೆದಿದೆ.

ನಾನು ತೀರ ಚಿಕ್ಕವನಿದ್ದಾಗ ನಮ್ಮ ಅವ್ವ ತೀರಿಕೊಂಡಳು. ನನ್ನನ್ನು ಬೆಳೆಸಿದ್ದು ಅಕ್ಕ. ಅವಳಿಗೂ ಆಗ ಲಂಗ ಹಾಕುವ ವಯಸ್ಸೇ. ನಮ್ಮದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯಬೇಕು. ಅಕ್ಕ ಗುಂಡಿಯಲ್ಲಿ ಕಾಲು ಬಿಟ್ಟು ನೇಯುತ್ತಿದ್ದರೆ ನಾನು ಅಂಚಿನಲ್ಲಿ ಕೂತು ಪಾಠ ಒಪ್ಪಿಸುತ್ತಿದ್ದೆ. ತಪ್ಪಿದರೆ ಲಾಳಿ ಹಿಡಿದ ಕೈಯಲ್ಲೇ ತಲೆಗೊಂದು ಮೊಟಕುತ್ತಿದ್ದಳು. ಅವಳ ಮದುವೆಯೂ ಅದೇ ಬೀದಿಯಲ್ಲೇ ಆಯಿತು, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಭಾವ ಮಾತು ಕಡಿಮೆಯ ಮನುಷ್ಯ. ನಾನು ಕಾಲೇಜು ಮುಗಿಸಿ ಕೊಯಮತ್ತೂರಿನಲ್ಲಿ ಅಂಗಡಿ ಹಾಕುವವರೆಗೂ ನನ್ನ ಬೆನ್ನ ಹಿಂದೆ ಇದ್ದದ್ದು ಅವಳ ಮಗ್ಗದ ಸದ್ದು. ಇಂದಿಗೂ ನಮ್ಮ ಅಂಗಡಿಯ ಒಳ್ಳೆಯ ಸೀರೆಗಳು ಅವಳ ಕೈಯವೇ.

ಪಂಚಾಯತಿಗೆ ಅವಳು ಹೋದದ್ದು ಆಸೆಪಟ್ಟಲ್ಲ. ನಮ್ಮ ಬೀದಿಯ ವಾರ್ಡು ಹೆಂಗಸರಿಗೆ ಬಂತು, ಯಾರೂ ನಿಲ್ಲಲೊಲ್ಲರು, ಇವಳು ನಿಂತಳು, ಗೆದ್ದಳು. ಪ್ರೆಸಿಡೆಂಟ್ ಸ್ಥಾನವೂ ಹೆಂಗಸರದೇ ಆಗಿತ್ತು. ಅದಕ್ಕೆ ತೋಟದ ಗೌಡರ ಹೆಂಡತಿ ಗೆದ್ದರು. ಮೆಂಬರುಗಳೆಲ್ಲ ಸೇರಿ ವೈಸ್ ಪ್ರೆಸಿಡೆಂಟನ್ನು ಆರಿಸುವಾಗ, ತೋಟದವರಿಗೆ ಒಂದು ಸಿಕ್ಕಿತಲ್ಲ, ನೇಕಾರರಿಗೆ ಇನ್ನೊಂದು ಇರಲಿ ಎಂದು ಅಕ್ಕನ ಹೆಸರು ಹೇಳಿದರು. ಅದೊಂದು ಒಗ್ಗರಣೆಯ ಕರಿಬೇವಿನ ಪದವಿ ಎಂದು ನಾನೇ ಅವಳನ್ನು ಗೇಲಿ ಮಾಡಿದ್ದೆ. ಇರಬೇಕು, ಆದರೆ ಯಾರೂ ತಿನ್ನುವುದಿಲ್ಲ.

ಅಷ್ಟರಲ್ಲಿ ಪ್ರೆಸಿಡೆಂಟಮ್ಮ ಒಂದು ಬೆಳಿಗ್ಗೆ ತೋಟದಲ್ಲಿ ಕುಸಿದುಬಿದ್ದವರು ಮತ್ತೆ ಏಳಲಿಲ್ಲ. ಒಳ್ಳೆಯ ಹೆಂಗಸು, ಊರಿಗೆ ಊರೇ ಅತ್ತಿತು. ಆದರೆ ಸರ್ಕಾರದ ಕುರ್ಚಿ ಸೂತಕ ಹಿಡಿಯುವುದಿಲ್ಲ. ಉಪಚುನಾವಣೆ ನಡೆದು ಹೊಸಬರು ಬರುವವರೆಗೆ ವೈಸ್ ಪ್ರೆಸಿಡೆಂಟೇ ಎಲ್ಲ ನೋಡಿಕೊಳ್ಳಬೇಕು ಎಂಬುದು ಕಾನೂನು. ಕರಿಬೇವಿನ ಸೊಪ್ಪಿಗೆ ಸಾರು ಕಾಯಿಸುವ ಕೆಲಸ ಬಂತು.

ಮೊದಲ ವಾರ ನಾನು ನೋಡಲು ಹೋದೆ. ಪಂಚಾಯತಿ ಆಫೀಸಿನ ಆ ದೊಡ್ಡ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು, ಕಾಲ ಕೆಳಗೆ ಒಂದು ಹಲಗೆ.

‘ಇದೇನಕ್ಕಾ ಹಲಗೆ?’ ಎಂದೆ.

‘ಈ ಎತ್ತರ ನನಗೆ ಪಳಕ್ಕ ಇಲ್ಲ ತಮ್ಮಾ. ಹುಟ್ದಾಗಿಂದ ಗುಂಡಿಯಾಗೆ ಕಾಲು ಬಿಟ್ಟು ಕೂತವಳು. ಇಲ್ಲಿ ಕಾಲಿಗೆ ಏನೂ ಸಿಕ್ದೆ ತಲೆ ಸುತ್ತುತ್ತೆ,’ ಎಂದಳು. ಪಳಕ್ಕ ಅಂದರೆ ರೂಢಿ; ನಮ್ಮ ಮಾತಿನಲ್ಲಿ ತಮಿಳು ಹೀಗೆ ಉಪ್ಪಿನಂತೆ ಬೆರೆತಿದೆ. ನಾನು ನಕ್ಕೆ. ಅವಳು ನಗಲಿಲ್ಲ, ಎದುರಿಗೆ ನಿಂತಿದ್ದ ಕಂಟ್ರಾಕ್ಟರನ ಕಡೆ ತಿರುಗಿ ಮಾತು ಮುಂದುವರಿಸಿದಳು.

ಆ ಮಾತು ನಮ್ಮ ಬೀದಿಯದು. ಬೀದಿಗೆ ಕಾಂಕ್ರೀಟ್ ಹಾಕಲು ಮಂಜೂರಾಗಿತ್ತು. ಬೇರೆ ಬೀದಿಯವರಿಗೆ ಅದು ಹಬ್ಬ, ನೇಕಾರರಿಗೆ ಹಾಗಲ್ಲ. ಮಗ್ಗಕ್ಕೆ ಏರಿಸುವ ಮೊದಲು ಉದ್ದನೂಲನ್ನೆಲ್ಲ ಬೀದಿಯಲ್ಲಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸಬೇಕು. ನಾವು ಅದಕ್ಕೆ ಪಾವು ಹಾಕುವುದು ಎನ್ನುತ್ತೇವೆ. ಬಿಸಿಲೇರುವ ಮೊದಲು ಬೀದಿಯ ಈ ತುದಿಯಿಂದ ಆ ತುದಿಗೆ ಕವೆಗೋಲು ನೆಟ್ಟು ಎಳೆಯಬೇಕು. ಇದ್ದಬದ್ದವರೆಲ್ಲ ಕೈಹಾಕಬೇಕು, ಒಂದು ಮನೆಯ ಕೆಲಸವಲ್ಲ ಅದು. ನೆಲವೆಲ್ಲ ಕಾಂಕ್ರೀಟಾದರೆ ಕವೆಗೋಲು ನೆಡುವುದು ಎಲ್ಲಿ? ಹಾಗಾಗಿ ಬೀದಿಯ ಎರಡೂ ಅಂಚಿನಲ್ಲಿ, ಕೋಲು ಇಳಿಯುವಷ್ಟು ಅಗಲದ ಪೈಪಿನ ತುಂಡು ಹೂತು ತೂತು ಬಿಡಬೇಕು ಎಂದು ಅಕ್ಕ ಹಟ ಹಿಡಿದಿದ್ದಳು.

ಕಂಟ್ರಾಕ್ಟರ್ ಪ್ಲಾನಿನಲ್ಲಿ ಇಲ್ಲ ಎಂದ. ಇವಳು ಎಂಜಿನಿಯರ್ ಹತ್ತಿರ ಹೋದಳು. ಅವರು ನಕ್ಕರಂತೆ. ಇವಳು ಅವರನ್ನು ಒಂದು ಮುಂಜಾನೆ ಕರೆಸಿ, ಪಾವು ಹಾಕುವಾಗ ಕೈಗೊಂದು ಕುಂಚ ಕೊಟ್ಟು ತೀಡಿಸಿದಳು. ಆಮೇಲೆ ಒಪ್ಪಿದರು. ಕಾಂಕ್ರೀಟ್ ಹಾಕಿದ ದಿನ ತೂತುಗಳಿಗೆ ತಾನೇ ಬಾಳೆದಿಂಡು ತುರುಕಿ, ಅವು ಮುಚ್ಚಿಹೋಗದ ಹಾಗೆ ಕಾದಳು. ಹಾಗೆ ಅರ್ಧ ಬೀದಿ ಮುಗಿಯಿತು. ಅಷ್ಟರಲ್ಲಿ ಉಪಚುನಾವಣೆಯ ದಿನ ಗೊತ್ತಾಯಿತು, ನೀತಿಸಂಹಿತೆ ಬಂತು, ಕೆಲಸ ನಿಂತಿತು. ಉಳಿದರ್ಧ ಬೀದಿ ಹೊಸ ಪ್ರೆಸಿಡೆಂಟಿಗೆ ಕಾದು ಮಣ್ಣಾಗಿಯೇ ಮಲಗಿತು.

ಆ ಉಳಿದರ್ಧಕ್ಕಾಗಿ ಅಕ್ಕನಿಗೆ ನಿಲ್ಲಬೇಕೆನಿಸಿತು. ಫೋನಿನಲ್ಲಿ ಹೇಳಿದಳು: ‘ನಾನೇ ನಿಂತ್ಕೊಳ್ಳೋಣಾಂತ ಇದ್ದೀನಿ ತಮ್ಮಾ. ಅರ್ಧ ನೇಯ್ದು ಬಿಟ್ರೆ ಸೀರೆ ಆಗುತ್ತಾ?’ ನಾಮಿನೇಷನ್ ದಿನ ಉಡಲು ತನಗಾಗಿ ಒಂದು ಸೀರೆಯನ್ನೂ ನೇಯಲು ಹಾಕಿದ್ದಳು. ಮೈ ಅರಿಸಿನ, ಅಗಲ ಅಂಚು ಕುಂಕುಮಗೆಂಪು. ಅಷ್ಟು ವರ್ಷ ಊರವರಿಗೆಲ್ಲ ನೇಯ್ದವಳು ತನಗೆಂದು ನೇಯ್ದದ್ದು ಅದೊಂದೇ. ನಾನು ಒಳ್ಳೆಯದು ಅಕ್ಕಾ ಎಂದೆ. ಮನಸಾರೆ ಹೇಳಿದೆ. ಆಗ ನನಗೆ ಇನ್ನೂ ಯಾರೂ ಬೆಣ್ಣೆ ಹಚ್ಚಿರಲಿಲ್ಲ.

ಬೆಣ್ಣೆ ಅದೇ ವಾರ ಬಂತು. ತೋಟದ ಗೌಡರು, ಅಂದರೆ ತೀರಿಕೊಂಡ ಪ್ರೆಸಿಡೆಂಟಮ್ಮನ ಗಂಡ, ನಮ್ಮ ಅಂಗಡಿಗೆ ಬಂದರು. ಜೊತೆಗೆ ನಮ್ಮ ಚೌಡಮ್ಮನ ಗುಡಿಯ ಎಜಮಾನರು. ಗೌಡರದು ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಎಳನೀರಿನ ಗೊನೆ. ಚಿಕ್ಕಂದಿನಲ್ಲಿ ಇದೇ ಗೌಡರ ಮನೆಗೆ ನಾನು ಸೀರೆಗಂಟು ಹೊತ್ತು ಹೋದರೆ ಜಗಲಿಯ ಮೆಟ್ಟಿಲ ಹತ್ತಿರ ನಿಲ್ಲಿಸುತ್ತಿದ್ದರು. ಹೀನಾಯವಾಗಿ ಏನೂ ಅಂದವರಲ್ಲ. ಕೂರು ಎಂದೂ ಅಂದವರಲ್ಲ. ಈಗ ಅವರು ನನ್ನ ಅಂಗಡಿಯ ಹಾಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಮಿಳು ಬಿಟ್ಟು ಕನ್ನಡದಲ್ಲಿ ಶುರು ಮಾಡಿದರು.

‘ಅಣ್ಣಾ, ಮನೆಮಾತ್ನಾಗೆ ಮಾತಾಡ್ತೀನಿ, ನಾವ್ ನಾವೇ ಅಲ್ವಾ,’ ಎಂದರು.

ನನಗಿಂತ ಹದಿನೈದು ವರ್ಷ ದೊಡ್ಡವರು ನನ್ನನ್ನು ಅಣ್ಣಾ ಎಂದರು! ನನ್ನ ಕೆಲಸದ ಹುಡುಗಿಯರು ಕೇಳಿಸಿಕೊಂಡರು. ಅಲ್ಲೇ ನನ್ನ ಬುದ್ಧಿ ಅರ್ಧ ಮಾರಾಟವಾಯಿತು.

ಅವರು ಹೇಳಿದ್ದಿಷ್ಟು. ಹೆಂಡತಿ ಹೋದ ದುಃಖ ಆರಿಲ್ಲ. ಅವಳ ಕುರ್ಚಿಗೆ ಮನೆಯ ಸೊಸೆಯೇ ಬಂದರೆ ಸತ್ತವಳಿಗೆ ಸಮಾಧಾನ. ನೇಕಾರರು ಯಾರನ್ನೂ ನಿಲ್ಲಿಸದಿದ್ದರೆ ಪೋಟ್ಟಿ ಇಲ್ಲದೆ, ಅಂದರೆ ಎದುರಾಳಿ ಇಲ್ಲದೆ, ಆಗಿಹೋಗುತ್ತದೆ. ಊರು ಎರಡಾಗುವುದಿಲ್ಲ. ‘ಅಡುತ್ತ ಸಲ ನಿಮ್ಮಕ್ಕನೇ. ಇದು ನನ್ನ ಮಾತು. ಮುಂದಿನ ಸಲ ನಾವೇ ಮುಂದೆ ನಿಂತು ಗೆಲ್ಲಿಸ್ತೀವಿ,’ ಎಂದರು. ಎಜಮಾನರು ತಲೆಯಾಡಿಸಿದರು. ‘ನಿಮ್ಮ ಮಾತು ಅಂದ್ರೆ ನಮ್ಮ ಬೀದಿಯಾಗೆ ಯಾರು ಮೀರ್ತಾರೆ ಸ್ವಾಮಿ? ಓದ್ದೋರು, ಪಟ್ಟಣ ನೋಡ್ದೋರು,’ ಎಂದರು. ಹೊಗಳಿ ಅಟ್ಟಕ್ಕೇರಿಸಿದರು, ನಾನು ಏಣಿಯನ್ನೂ ನೋಡದೆ ಏರಿದೆ.

ಮನಸ್ಸಿಗೆ ಕಾರಣ ಹುಡುಕಿಕೊಳ್ಳುವುದು ಎಷ್ಟು ಹೊತ್ತು? ಅಕ್ಕನಿಗೆ ವಯಸ್ಸಾಯಿತು. ಗೌಡರನ್ನು ಎದುರು ಹಾಕಿಕೊಂಡು ಊರಲ್ಲಿ ಬಾಳುವುದುಂಟೆ? ಸೋತರೆ ಮರ್ಯಾದೆ ಏನಾದೀತು? ಅರ್ಧ ಬೀದಿ ಯಾರು ಬಂದರೂ ಹಾಕಲೇಬೇಕಲ್ಲ. ಹೀಗೆ ಒಂದರ ಮೇಲೊಂದು ಮಡಿಸಿ ಜೋಡಿಸಿದೆ, ಅಂಗಡಿಯಲ್ಲಿ ಸೀರೆ ಜೋಡಿಸುವ ಹಾಗೆ. ಈ ಒಟ್ಟಿಲಿನಲ್ಲಿ ಇಲ್ಲದಿದ್ದ ಒಂದೇ ಸಂಗತಿ ಅಕ್ಕನನ್ನು ಕೇಳುವುದು. ಒಂದು ಫೋನ್ ಸಾಕಿತ್ತು. ಮಾಡಲಿಲ್ಲ. ಕೇಳಿದರೆ ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಇಲ್ಲಿ ನಮ್ಮ ಬೀದಿಯ ಕೂಟದ ಪದ್ಧತಿ ಹೇಳಬೇಕು. ಕೂಟ ಅಂದರೆ ಚೌಡಮ್ಮನ ಗುಡಿಯ ಮುಂದೆ ನೇಕಾರರೆಲ್ಲ ಸೇರಿ ಮಾತು ತೀರ್ಮಾನಿಸುವ ಸಭೆ. ಮದುವೆಯಾಗಲಿ, ಪಾಲಾಗಲಿ, ತೀರ್ಮಾನ ಮಾಡಿದ ಮೇಲೆ ಎಜಮಾನರು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆಯನ್ನು ನಡುವೆ ಇಡುತ್ತಾರೆ. ತೀರ್ಮಾನ ಯಾರಿಗೆ ಸೇರಿದ್ದೋ ಅವರು ಎತ್ತಬೇಕು. ಎತ್ತಿದರೆ ಒಪ್ಪಿದ ಹಾಗೆ, ಆಮೇಲೆ ಎದುರುಮಾತಿಲ್ಲ. ಹೆಂಗಸಿನ ವಿಷಯವಾದರೆ ಅವಳು ಎತ್ತುವಂತಿಲ್ಲ, ಅವಳ ಗಂಡನೂ ಎತ್ತುವಂತಿಲ್ಲ. ತವರಿನ ಅಣ್ಣನೋ ತಮ್ಮನೋ ಎತ್ತಬೇಕು. ಹೆಣ್ಣುಮಗಳನ್ನು ಗಂಡನ ಮನೆ ತುಳಿಯದಿರಲಿ, ತವರು ಅವಳ ಕಾವಲಿಗಿರಲಿ ಎಂದು ಹಿರಿಯರು ಮಾಡಿದ ಪದ್ಧತಿಯಂತೆ ಅದು. ಕಾವಲಿನವನನ್ನೇ ಕೊಂಡುಕೊಂಡರೆ ಏನು ಮಾಡಬೇಕೆಂದು ಹಿರಿಯರು ಹೇಳಿಲ್ಲ.

ಕೂಟ ಸೇರಿದ ಸಂಜೆ ಗಂಡಸರು ಚಾಪೆಯ ಮೇಲೆ, ಹೆಂಗಸರು ಗುಡಿಯ ಕಂಬಗಳ ಹತ್ತಿರ. ಗೌಡರು ಅತಿಥಿಯಾಗಿ ಬಂದು ಕೂತಿದ್ದರು. ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ತನ್ನನ್ನು ಚುನಾವಣೆಗೆ ನಿಲ್ಲಿಸುವ ಮಾತಿಗೆ ಕೂಟ ಕರೆದಿದ್ದಾರೆಂದು ಅವಳು ತಿಳಿದಿದ್ದಳು. ನನ್ನನ್ನು ನೋಡಿ, ಬಂದೆಯಾ ಎಂಬಂತೆ ಗಲ್ಲ ಎತ್ತಿ ನಕ್ಕಳು.

ಎಜಮಾನರು ಊರಿನ ಒಗ್ಗಟ್ಟಿನ ಬಗ್ಗೆ, ಸತ್ತವರ ಬಗ್ಗೆ, ಅಡುತ್ತ ಸಲದ ಬಗ್ಗೆ ಹೇಳಿದರು. ‘ಈ ಸಲ ನಮ್ಮ ಬೀದಿಯಿಂದ ಯಾರೂ ನಿಲ್ಲೋದು ಬೇಡಾಂತ ದೊಡ್ಡೋರ ಅಭಿಪ್ರಾಯ. ಅಕ್ಕನ ತವರಿನವರು ಏನಂತಾರೆ?’ ಎಂದು ತಟ್ಟೆ ನಡುವೆ ಇಟ್ಟರು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಂಬದ ಕಡೆ ನೋಡಲಿಲ್ಲ. ಎದ್ದೆ, ಬಾಗಿದೆ, ತಟ್ಟೆ ಎತ್ತಿ ಕಣ್ಣಿಗೊತ್ತಿಕೊಂಡೆ. ಗೌಡರು ಎದ್ದು ಬಂದು ಶಾಲು ಹೊದಿಸಿದರು. ಯಾರೋ ಫೋನಿನಲ್ಲಿ ಫೋಟೋ ತೆಗೆದರು. ಹಲ್ಲು ಕಿಸಿದದ್ದು ಆಗಲೇ.

ಕಾನೂನು ಕೇಳಿದರೆ ಅಕ್ಕ ಆಗಲೂ ನಿಲ್ಲಬಹುದಿತ್ತು. ತಟ್ಟೆ ಎತ್ತಿದ್ದಕ್ಕೆ ನಾಮಿನೇಷನ್ ತಳ್ಳಿಹಾಕುವ ಅಧಿಕಾರಿ ಯಾವ ತಾಲ್ಲೂಕಿನಲ್ಲೂ ಇಲ್ಲ. ಆದರೆ ತಮ್ಮ ಎತ್ತಿದ ತಟ್ಟೆಯನ್ನು ಅಕ್ಕ ಮೀರುವುದೆಂದರೆ, ನಮ್ಮವರಲ್ಲಿ, ತವರಿಗೆ ಬಾಗಿಲು ಹಾಕಿಕೊಂಡ ಹಾಗೆ. ಸರ್ಕಾರದ ಕಾನೂನು ಅವಳಿಗೆ ಕೊಟ್ಟದ್ದನ್ನು ನಮ್ಮ ಹಿತ್ತಾಳೆ ತಟ್ಟೆ ಕಿತ್ತುಕೊಂಡಿತು, ಕಿತ್ತುಕೊಟ್ಟದ್ದು ನನ್ನ ಕೈ. ಆ ಸಂಜೆ ಅವಳ ಮನೆಗೆ ಹೋದೆ. ಎರಡು ಕೈ ನೀರು ಮುಖಕ್ಕೆ ಹಾಕಿಕೊಂಡಿದ್ದಳು ಅಂತ ಕಾಣುತ್ತದೆ, ಕೂದಲಂಚು ಒದ್ದೆಯಾಗಿತ್ತು.

‘ಉಂಡು ಹೋಗ್ತೀಯಾ?’ ಎಂದಳು. ಉಂಡೆ. ಹುರುಳಿ ಸಾರು ಮಾಡಿದ್ದಳು, ನನಗೆ ಇಷ್ಟವಾದದ್ದು. ಉಂಡ ಮನೆಗೆ ಎರಡು ಬಗೆಯಬೇಡ ಅನ್ನುತ್ತಾರೆ. ನಾನು ಎರಡು ಬಗೆದು ಬಂದು ಆಮೇಲೆ ಉಂಡವನು.

ಎದುರಾಳಿ ಇಲ್ಲದೆ ಗೌಡರ ಸೊಸೆ ಪ್ರೆಸಿಡೆಂಟ್ ಆದಳು. ವೋಟು ಹಾಕುವ ಪ್ರಮೇಯವೇ ಬರಲಿಲ್ಲ. ಊರೂರಲ್ಲಿ ನಮ್ಮ ಊರಿನ ಒಗ್ಗಟ್ಟಿನ ಮಾತು. ಅಕ್ಕ ಮತ್ತೆ ವೈಸ್ ಪ್ರೆಸಿಡೆಂಟಾಗಿ ಪಕ್ಕದ ಕುರ್ಚಿಗೆ ಹೋದಳು, ಹಲಗೆಯನ್ನು ಮನೆಗೆ ತಂದುಕೊಂಡಳು. ಆ ಹುಡುಗಿ ಕೆಟ್ಟವಳಲ್ಲ. ಏನು ಕೇಳಿದರೂ ‘ಮಾವನ್ನ ಕೇಳಿ ಹೇಳ್ತೀನಿ’ ಎನ್ನುತ್ತಿದ್ದಳು, ಅಷ್ಟೆ.

ಮುಂದಿನ ತಿಂಗಳು ಅಕ್ಕನ ಮನೆಯಿಂದ ಅಂಗಡಿಗೆ ಸೀರೆಗಳ ಕಟ್ಟು ಬಂತು. ಬಿಚ್ಚಿದರೆ ಎಲ್ಲದರ ಕೆಳಗೆ ಅರಿಸಿನದ ಮೈ, ಕುಂಕುಮಗೆಂಪು ಅಂಚಿನದು. ಮಾರಲು ಕಳಿಸಿದ್ದಳು. ಫೋನ್ ಮಾಡಿ ಇದು ನಿನ್ನದಲ್ಲವಾ ಎಂದೆ. ‘ಉಡೋ ದಿವ್ಸ ಬರ್ಲಿಲ್ವಲ್ಲ. ಇಟ್ಕೊಂಡು ಏನ್ ಮಾಡ್ಲಿ, ಯಾರಾದ್ರೂ ಉಡ್ಲಿ,’ ಎಂದಳು. ಕೋಪದ ದನಿಯೇ ಅಲ್ಲ ಅದು. ನಾನು ಅದನ್ನು ಬೀರುವಿನ ಒಳಗಿಟ್ಟೆ. ಇನ್ನೂ ಅಲ್ಲೇ ಇದೆ. ಅಕ್ಕನಿಗೆ ಮಾರಾಟವಾಯಿತು ಎಂದು ಹೇಳಿದ್ದೇನೆ. ನೋಡಿ, ಒಂದು ತಪ್ಪಿಗೆ ಇನ್ನೊಂದು ಜೋಡಿ.

ಬೀದಿಯ ಉಳಿದರ್ಧಕ್ಕೂ ಕಾಂಕ್ರೀಟ್ ಬಿತ್ತು. ತೂತಿಲ್ಲ. ಅಕ್ಕ ಕೆಲಸದ ದಿನ ಹೋಗಿ ನಿಂತು ಹೇಳಿದಳಂತೆ. ಕಂಟ್ರಾಕ್ಟರ್, ಪ್ರೆಸಿಡೆಂಟ್ ಹೇಳಲಿ ಅಮ್ಮಾ ಎಂದನಂತೆ. ಪ್ರೆಸಿಡೆಂಟ್ ಮಾವನನ್ನು ಕೇಳುವಷ್ಟರಲ್ಲಿ ಕಾಂಕ್ರೀಟ್ ಗಟ್ಟಿಯಾಗಿತ್ತು. ನಾನು ಗೌಡರಿಗೆ ಫೋನ್ ಹಚ್ಚಿದೆ. ‘ಅಯ್ಯೋ, ಮರ್ತೇ ಹೋಯ್ತು ನೋಡಿ. ಇರ್ಲಿ, ಅಡುತ್ತ ಸಲ ನೋಡಣ,’ ಎಂದರು. ಇಷ್ಟನ್ನೂ ತಮಿಳಿನಲ್ಲೇ ಹೇಳಿದರು. ಅಣ್ಣಾ ಎನ್ನಲಿಲ್ಲ.

ಪಾವು ಹಾಕಲು ಇಡೀ ಬೀದಿ ಬೇಕು. ಅರ್ಧ ಬೀದಿಯ ತೂತುಗಳಿಂದ ಏನೂ ಆಗದು. ಈಗ ನಮ್ಮವರು ಗಂಜಿ ಹಾಕಿ ಸುತ್ತಿದ ನೂಲನ್ನು ಹೊರಗಿನಿಂದ ತರಿಸುತ್ತಾರೆ. ಮಿಷಿನ್ನಿನದು, ಮಗ್ಗದಲ್ಲಿ ಹೆಜ್ಜೆಹೆಜ್ಜೆಗೂ ಎಳೆ ಕಡಿಯುತ್ತದೆ ಎಂದು ಅಕ್ಕ ಗೊಣಗುತ್ತಾಳೆ. ಬೀದಿಯ ಕೊನೆಯ ಎರಡು ಮನೆಯವರು ಮಗ್ಗ ಕಿತ್ತು ಗುಂಡಿ ಮುಚ್ಚಿ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೊರಟರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ನೇಯ್ಗೆ ಮೊದಲಿನಂತಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಅವರ ಮನೆ ಮುಂದೆ ಕಾರು ಹಾಯುವಾಗ ನಾನು ಬ್ರೇಕು ಒತ್ತುವುದಿಲ್ಲ. ರಸ್ತೆ ಈಗ ನುಣ್ಣಗಿದೆ, ಕಾರಿಗೆ ಬಹಳ ಸುಖ.

ಪೇಪರಿನಲ್ಲಿ ರಾಜಕೀಯ ಓದುವುದು ನನಗೆ ಹಳೆಯ ಚಟ. ಮುಖ್ಯಮಂತ್ರಿ ಕುರ್ಚಿ ಖಾಲಿಯಾದರೆ ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಒಯ್ಯುವುದು, ಡೆಲ್ಲಿಯಿಂದ ಬಂದ ಮುಚ್ಚಿದ ಕವರು ತೆರೆದು ಹೆಸರು ಓದುವುದು, ಇದನ್ನೆಲ್ಲ ಟೀ ಅಂಗಡಿಯಲ್ಲಿ ನಿಂತು ಲೇವಡಿ ಮಾಡುತ್ತಿದ್ದೆ. ಜನರನ್ನು ಒಂದು ಮಾತು ಕೇಳುವುದಿಲ್ಲವಲ್ಲ ಇವರು ಎನ್ನುತ್ತಿದ್ದೆ. ಈಗ ಆ ಪುಟ ಬಂದರೆ ಸಿನಿಮಾ ಪುಟಕ್ಕೆ ತಿರುಗಿಸುತ್ತೇನೆ.

ಅಕ್ಕ ಬೈದುಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಅದಕ್ಕೆಂದೇ ಹೋಗಿ ಹೋಗಿ ಕೂರುತ್ತಿದ್ದೆ. ಒಂದು ಸಲ ನಾನೇ ತಡೆಯಲಾರದೆ ಕೇಳಿದೆ, ನನ್ನ ಮೇಲೆ ಕೋಪವಾ ಅಕ್ಕಾ ಎಂದು. ಕಡಿದ ಎಳೆ ಹುಡುಕಿ ಹೊಸೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು:

‘ನೀನು ಬಿಟ್ಕೊಡು ಅಕ್ಕಾ ಅಂತ ಕೇಳಿದ್ರೆ, ಬಿಟ್ಕೊಡ್ತಿದ್ದೆನೋ ಏನೋ. ನಿನಗೆ ಏನ್ ಇಲ್ಲ ಅಂದಿದ್ದೀನಿ ನಾನು? ಕೇಳ್ಲಿಲ್ವಲ್ಲ ನೀನು. ಅಷ್ಟೇ ನನಗೆ ನೋವು.’

ಅವಳು ಮತ್ತೆ ಎಳೆಗೆ ಬಾಗಿದಳು. ನಾನು ತಂದಿದ್ದ ಮೈಸೂರ್ ಪಾಕಿನ ಡಬ್ಬಿಯನ್ನು ಎಲ್ಲಿಡಲಿ ಎಂದು ಗೊತ್ತಾಗದೆ ಕೈಯಲ್ಲೇ ಹಿಡಿದು ಕೂತಿದ್ದೆ.

ಆ ಅಡುತ್ತ ಸಲ ಇನ್ನೂ ಬಂದಿಲ್ಲ. ಅವಧಿ ಮುಗಿಯಿತು, ಚುನಾವಣೆ ನಡೆಯಲಿಲ್ಲ. ಪ್ರೆಸಿಡೆಂಟಿನ ಕುರ್ಚಿಯ ಅಧಿಕಾರ ಈಗ ಒಬ್ಬ ಸರ್ಕಾರಿ ಆಫೀಸರದು. ಅವರಿಗೆ ಇನ್ನೂ ಎಷ್ಟೋ ಊರುಗಳ ಇಂಥವೇ ಕುರ್ಚಿಗಳಿವೆ, ಯಾವುದರಲ್ಲೂ ಕೂರಲು ಬಿಡುವಿಲ್ಲ. ಸೊಸೆಯೂ ಇಲ್ಲ, ಮಾವನೂ ಇಲ್ಲ, ಅಕ್ಕನೂ ಇಲ್ಲ. ಚುನಾವಣೆ ಇಂದು ಬರುತ್ತದೆ ನಾಳೆ ಬರುತ್ತದೆ ಎಂದು ಸುದ್ದಿ ಏಳುತ್ತದೆ, ಇಳಿಯುತ್ತದೆ. ಈಚೆಗೆ ಎದ್ದ ಸುದ್ದಿಯಲ್ಲಿ ಇನ್ನೊಂದು ಮಾತು ಸೇರಿದೆ: ಸರದಿ ಬದಲಾಗಿ ನಮ್ಮೂರಿನ ಸ್ಥಾನ ಹೆಂಗಸರಿಂದ ಜನರಲ್‌ಗೆ ಹೋಗುತ್ತದಂತೆ.

ಹೋದ ತಿಂಗಳು ಎಜಮಾನರು ಮತ್ತೆ ನನ್ನ ಅಂಗಡಿಗೆ ಬಂದರು. ಈ ಸಲ ಒಬ್ಬರೇ. ಗೋಡೆಯ ಫೋಟೋ ನೋಡಿ ಖುಷಿಪಟ್ಟರು.

‘ಈ ಸಲ ನಮ್ಮ ಬೀದಿಗೇ ಅಂತ ಗೌಡ್ರು ಕೂಡ ಒಪ್ಕೊಂಡವ್ರೆ. ಮಾತಿಗೆ ತಪ್ಪೋ ಮನುಷ್ಯ ಅಲ್ಲ. ಜನರಲ್ ಆದ್ರೆ ನೀವೇ ನಿಂತ್ಕೊಳ್ಳಿ ಸ್ವಾಮಿ. ನಿಮ್ಮಂಥೋರು ಬೇಕು,’ ಎಂದರು.

‘ಮಾತು ಕೊಟ್ಟದ್ದು ಅಕ್ಕನಿಗೆ ಅಲ್ಲವೆ?’ ಎಂದೆ.

‘ಜನರಲ್ ಅಂದ್ರೆ ಗಂಡಸ್ರದು ತಾನೆ?’

‘ಯಾರು ಹೇಳಿದರು? ಹೆಂಗಸರೂ ನಿಲ್ಲಬಹುದು.’

‘ನಿಲ್ಲಬಹುದು. ಆದ್ರೂ...’ ಎಂದು ಅವರು ವಾಕ್ಯವನ್ನು ಅಲ್ಲೇ ಬಿಟ್ಟು ಟೀ ಕುಡಿದರು. ನನ್ನೊಳಗೆ ಏನೋ ಒಂದು, ಆ ಹಳೆಯ ಹಲ್ಲು ಕಿಸಿಯುವವನು, ಒಂದು ಗಳಿಗೆ ಕುರ್ಚಿಯ ಕಡೆ ಕಣ್ಣು ಹಾಯಿಸಿದ. ಇಲ್ಲ ಎಂದರೆ ಸುಳ್ಳಾಗುತ್ತದೆ. ಆಮೇಲೆ ನಾಚಿಕೆಯಾಗಿ, ಭಾನುವಾರ ಅಕ್ಕನ ಮನೆಗೆ ಬನ್ನಿ, ಅಲ್ಲೇ ಮಾತಾಡೋಣ ಎಂದೆ.

ಭಾನುವಾರ ನಾನು ಹೋಗುವಷ್ಟರಲ್ಲಿ ಎಜಮಾನರು ಬಂದು ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ತಟ್ಟೆ. ಅಕ್ಕ ಒಳಗೆ ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟು ನೇಯುತ್ತಿದ್ದಳು. ನಾವು ಒಳಗೆ ಹೋಗಿ ಕೂತೆವು. ಎಜಮಾನರು ಊರು, ಒಗ್ಗಟ್ಟು ಎಲ್ಲ ಹೇಳಿ, ಬೀದಿಯಿಂದ ಒಬ್ಬರನ್ನು ನಿಲ್ಲಿಸಬೇಕು, ಯಾರೆಂದು ನೀವೇ ಮನೆಯಲ್ಲಿ ತೀರ್ಮಾನ ಮಾಡಿ ಎಂದು ತಟ್ಟೆಯನ್ನು ಗುಂಡಿಯ ಅಂಚಿಗೆ ಇಟ್ಟರು. ನಾನು ಚಿಕ್ಕವನಿದ್ದಾಗ ಕೂತು ಪಾಠ ಒಪ್ಪಿಸುತ್ತಿದ್ದ ಅಂಚು.

ನಾನು, ‘ಅಕ್ಕನನ್ನ ಕೇಳಿ,’ ಎಂದೆ.

ಎಜಮಾನರಿಗೆ ಹೆಂಗಸನ್ನು ನೇರವಾಗಿ ಕೇಳುವ ರೂಢಿ ಇಲ್ಲ. ಅವರು ನನ್ನ ಮುಖ ನೋಡಿದರು, ತಟ್ಟೆ ನೋಡಿದರು, ಅಕ್ಕನನ್ನು ಬಿಟ್ಟು ಎಲ್ಲವನ್ನೂ ನೋಡಿದರು. ಅಕ್ಕ ಲಾಳಿ ನಿಲ್ಲಿಸಲಿಲ್ಲ. ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಹೊಡೆಯುತ್ತ, ನನ್ನ ಕಡೆ ತಿರುಗಿ ಹೇಳಿದಳು:

‘ನೀನೇ ಎತ್ತು ತಮ್ಮಾ. ನಿನ್ನ ಕೈಗೆ ಪಳಕ್ಕ ಐತೆ.’

ಎಜಮಾನರು ತಮಾಷೆಯೆಂದು ತಿಳಿದು ನಕ್ಕರು. ಅಕ್ಕನ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದವರ ಮುಖ ಅದು. ನನ್ನ ಎರಡು ಕೈಯನ್ನೂ ನಾನು ತೊಡೆಯ ಕೆಳಗೆ ಸೇರಿಸಿಕೊಂಡೆ.

‘ನಾನು ಎತ್ತಲ್ಲ ಅಕ್ಕಾ,’ ಎಂದೆ. ‘ನೀನು ಹೇಳದೆ ಎತ್ತಲ್ಲ.’

‘ಈಗ ಕಲ್ತೆ,’ ಎಂದಳು.

ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಭಾವ ಕಾಫಿ ತಂದರು. ಎಜಮಾನರು ಕುಡಿದು, ಯೋಚನೆ ಮಾಡಿ ಹೇಳಿ ಎಂದು ಹೊರಟರು. ತಟ್ಟೆ ಯಾರೂ ಎತ್ತದೆ ಅಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ನೂಲೆಳೆಯೊಂದು ಕಡಿಯಿತು. ಅಕ್ಕ ಕಣ್ಣು ಕಿರಿದು ಮಾಡಿ ಹುಡುಕಿದಳು, ಸಿಗಲಿಲ್ಲ. ನಾನು ಬಾಗಿ ಎಳೆ ಹುಡುಕಿ ಅವಳ ಬೆರಳಿಗೆ ಕೊಟ್ಟೆ. ಅವಳು ಹೊಸೆದು ಸೇರಿಸಿ ಮತ್ತೆ ನೇಯಲು ಶುರು ಮಾಡಿದಳು.